ಕರಿಸೀಮೆಯನ್ನು ತಿದ್ದಲು ಕೂತ ಐದು ಭಾನುವಾರ

ಒಂದು ಲೋಕವನ್ನು ಕಟ್ಟುವಾಗ ಯಾರೂ ತಿರುಗಿ ನೋಡುವುದಿಲ್ಲ. ಕಟ್ಟಿದ ಲೋಕವನ್ನು ತಿದ್ದಲು ಕೂತು ನೋಡಿ, ಬೀದಿಯಲ್ಲಿ ಹೋಗುವ ತಮಾಷೆಗಳೆಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತವೆ.

ಯಾವ ಲೋಕ ಅಂತೀರಾ? ನನ್ನದು. ಹೆಸರು ಕರಿಸೀಮೆ. ಕರ್ನೂಲಿನಲ್ಲಿ ಡಿಪ್ಲೊಮಾ ಓದುವಾಗ ಹಾಸ್ಟೆಲಿನ ಸೀನಿಯರ್ ಒಬ್ಬ ಒಂದು ಆಟ ಕಲಿಸಿದ. ಒಬ್ಬ ಕಥೆ ಹೇಳುವವನು ಇರುತ್ತಾನೆ. ಅವನು ರಾಜರು, ಮಂತ್ರವಾದಿಗಳು, ಬೆಂಕಿ ಉಗುಳುವ ಸರ್ಪಗಳು ಇರುವ ಒಂದು ಮಾಯಾಲೋಕ ಕಟ್ಟುತ್ತಾನೆ. ಉಳಿದವರು ಒಬ್ಬೊಬ್ಬ ವೀರನಾಗಿ ಅದರೊಳಗೆ ಇಳಿಯುತ್ತಾರೆ. "ನಾನು ಕೋಟೆ ಗೋಡೆ ಹಾರ್ತೀನಿ" ಎಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ಹಾರಿದ, ಕಡಿಮೆ ಬಿದ್ದರೆ ಕಾಲು ಮುರಿದ. ಅಷ್ಟೇ. ಆದೋನಿಯಿಂದ ಎಮ್ಮಿಗನೂರಿನ ತನಕ ಈ ಆಟವನ್ನು ನನ್ನಷ್ಟು ಚೆಂದ ಆಡಿಸುವವನು ಇನ್ನೊಬ್ಬನಿಲ್ಲ. ಆಡಿಸುವವನೇ ಇನ್ನೊಬ್ಬನಿಲ್ಲ ಎನ್ನುವುದು ಬೇರೆ ಮಾತು.

ಒಂಬತ್ತು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ, ಆಡಿದೆವು. ಆಡುವವರು ಮೂವರು. ಮೊದಲನೆಯವ ಹತ್ತಿ ವ್ಯಾಪಾರಿಯ ಮಗ, ಹೊಲ-ಮನೆ ಉಳ್ಳವನು. ನಾವು ಅವನನ್ನು ಸಾವ್ಕಾರ ಅಂತಲೇ ಕರೆಯುತ್ತೇವೆ. ಆಟದಲ್ಲಿ ಅವನು ರಾಜ. ನಮ್ಮೂರ ಬಸ್‌ಸ್ಟಾಪಿನ ಪಕ್ಕ ಇರುವ ಅವನ ಹತ್ತಿ ಗೋಡೌನೇ ನಮ್ಮ ಆಟದ ಜಾಗ. ಎರಡನೆಯವ ಸಿ. ಬೆಳಗಲ್‌ನ ತೆಲುಗು ಶಾಲೆಯಲ್ಲಿ ಪಾಠ ಹೇಳುವ ಮೇಷ್ಟ್ರು. ಆಟದಲ್ಲಿ ಕಣ್ಣಿಗೆ ಕಾಣದ ಮಂತ್ರವಾದಿ. ಮೂರನೆಯವ ಕುರಿ ಕಾಯುವ ನನ್ನ ಚಡ್ಡಿ ದೋಸ್ತ. ಅವನು ಆಟದಲ್ಲಿ ಮನುಷ್ಯನೇ ಅಲ್ಲ, ಮಾತಾಡುವ ಟಗರು.

ಹೀಗೆ ನಾಲ್ವರ ಆಟ ನಡೆದಿರುವಾಗ ಸಾವ್ಕಾರನ ಮದುವೆಯಾಯಿತು. ಅಲ್ಲಿಂದ ಶುರು.

೧. ಹಿನ್ನೆಲೆ

ಸಾವ್ಕಾರನ ಹೆಂಡತಿ ನಾಗಲದಿನ್ನೆಯವರು, ತುಂಗಭದ್ರೆಯ ದಂಡೆಯ ಮೇಲೆ ಬೆಳೆದವರು. ನಾನು ಅತ್ತಿಗಿ ಅನ್ನುತ್ತೇನೆ. ಮದುವೆಯಾದ ಎರಡನೇ ತಿಂಗಳಿಗೆ, "ನೀವು ಒಳಗ ಕೂತು ಏನು ಮಾಡ್ತೀರಿ ನಾನೂ ನೋಡ್ತೀನಿ, ನನಗೂ ಆಟಕ್ಕ ಸೇರಿಸ್ರಿ" ಅಂತ ಬಂದು ಕೂತರು. ಸುಮ್ಮನೆ ಕೂರುವ ಹೆಂಗಸಲ್ಲ. ಒಂದು ಮೊರದ ತುಂಬ ಶೇಂಗಾ ತಂದಿದ್ದರು, ಸುಲಿಯಲಿಕ್ಕೆ.

ಹೊಸಬರು ಬಂದಿದ್ದಾರಲ್ಲ, ಕರಿಸೀಮೆಯ ಹಿರಿಮೆ ತಿಳಿಯಲಿ ಅಂತ ನಾನು ಮೊದಲಿನಿಂದ ಹಿಡಿದೆ. ಮೊದಲನೇ ರಾಜ, ಅವನನ್ನು ಕೊಂದ ಎರಡನೇ ರಾಜ, ಅವನ ಶಾಪ, ಶಾಪದ ಪರಿಹಾರ, ಪರಿಹಾರದಿಂದ ಹುಟ್ಟಿದ ಇನ್ನೊಂದು ಶಾಪ. ಎರಡು ತಾಸು ಹೇಳಿದೆ. ಮೊರದಲ್ಲಿ ಶೇಂಗಾ ಮುಗಿಯಿತು.

"ಮೈದುನಾ, ಆಟ ಯಾವಾಗ ಸುರು?" ಅಂದರು ಅತ್ತಿಗಿ.

"ಇದು ಹಿನ್ನೆಲಿ ಅತ್ತಿಗಿ. ಇದು ತಿಳೀಲಿಲ್ಲಂದ್ರ ಮುಂದಿಂದು ತಿಳಿಯಂಗಿಲ್ಲ."

"ಎಷ್ಟು ಉಳದೈತಿ ಹಿನ್ನೆಲಿ?"

"ಇನ್ನ ಹದಿನೇಳು ನೋಟ್‌ಬುಕ್ಕು."

ಅವರು ಎದ್ದು ನಕ್ಷೆಯ ಹತ್ತಿರ ಹೋದರು. ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಅಂಟಿಸಿ, ಅದರ ಹಿಂಬದಿಗೆ ನಾನೇ ಕೈಯಾರೆ ಬರೆದ ನಕ್ಷೆ. ನೋಡಿದವರು ಬಾಯಿ ಬಿಡಬೇಕು, ಹಾಗಿದೆ.

"ಈ ನೀಲಿ ಗೆರಿ ಏನು?"

"ಹೊಳಿ."

"ಎತ್ತಗಿಂದ ಎತ್ತಗ ಹರಿತೈತಿ?"

"ಸಮುದ್ರದಿಂದ ಹೊಂಟು ಗುಡ್ಡದ ಮ್ಯಾಲಿನ ಕೋಟಿಗೆ."

ಅತ್ತಿಗಿ ನನ್ನ ಮುಖ ನೋಡಿದರು. ಹೊಳೆ ದಂಡೆಯವರ ಮುಂದೆ ಹೊಳೆಯ ಮಾತಾಡಬಾರದು ಅಂತ ನನಗೆ ಆಗ ಹೊಳೆಯಿತು. "ಮಂತ್ರದ ಹೊಳಿ ಅತ್ತಿಗಿ" ಅಂದೆ.

"ಆಗಲಿ, ಮಂತ್ರದಿಂದನ ಏರಲಿ. ತುದಿಗೆ ಹೋದ ಮ್ಯಾಲ ಏನು ಮಾಡತೈತಿ? ಕೂತು ಸುತ್ತ ನೋಡತೈತೇನು?"

ಒಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅತ್ತಿಗಿ ಬಿಡಲಿಲ್ಲ. "ಇಲ್ಲಿ ಒಂದೇ ಹೆಸರಿನ ರಾಜರು ಮೂರು ಮಂದಿ ಅದಾರ. ಹದಿನಾಕು ಕೋಟಿ ಅದಾವ, ಉಣ್ಣಾಕ ಒಂದು ಹೊಲ ಇಲ್ಲ. ನಾಕು ವಾರ ಟೈಮು ಕೊಡ್ತೀನಿ. ಐದನೇ ಭಾನುವಾರಕ್ಕ ನನ್ನಂಥ ಹೊಸಬಳಿಗೆ ತಿಳಿಯಂಗ ನಿನ್ನ ರಾಜ್ಯ ತಿದ್ದು. ತಿದ್ದಿದ್ರ ನಾನೂ ಆಡ್ತೀನಿ. ಇಲ್ಲಂದ್ರ ಭಾನುವಾರ ನನ್ನ ಗಂಡ ನನಗ, ಗೋಡೌನು ಹತ್ತಿಗೆ."

ನಾನು ಆಸರೆಗೆ ಸಾವ್ಕಾರನ ಕಡೆ ತಿರುಗಿದೆ. ಮೂರು ಬೆಂಕಿಸರ್ಪಗಳನ್ನು ಒಬ್ಬನೇ ಕೊಂದ ಕರಿಸೀಮೆಯ ಮಹಾರಾಜ, ಬಗ್ಗಿ ಶೇಂಗಾ ಸಿಪ್ಪೆ ಬಳಿಯುತ್ತಿದ್ದ.

೨. ಗಡಿಕಲ್ಲು

ಹೊಳೆ ಕೆಳಗಿಳಿಯಬೇಕಾದರೆ ದಾರಿ ಬೇಕು. ದಾರಿ ಸಾವ್ಕಾರನ ರಾಜ್ಯದೊಳಗೆ ಹಾದು ಹೋಗುತ್ತಿತ್ತು. ನಾನು ರಬ್ಬರ್ ತಗೊಂಡು ಅವನ ಗಡಿಯನ್ನು ಎರಡು ಬೆರಳು ಒಳಗೆ ಸರಿಸಿದೆ. ಕಾಗದದ ಮೇಲೆ ಎರಡು ಬೆರಳು!

ಮುಂದಿನ ಭಾನುವಾರ ಸಾವ್ಕಾರ ಅದನ್ನು ನೋಡಿ ಎದ್ದು ನಿಂತ. "ನೋಟೀಸ್ ಕೊಟ್ಟೀಯೇನಲೇ?"

"ಯಾವ ನೋಟೀಸಲೇ? ಇದು ಕಥಿ."

"ಕಥಿ ಇರಲಿ, ಭೂಮಿ ಭೂಮೀನೇ. ನಾನಿಲ್ಲದಾಗ ನನ್ನ ಗಡಿ ಅಳದೀ. ಅಕ್ಕಪಕ್ಕದವರ ಸಹಿ ಐತಿ? ಪಂಚರ ಮುಂದ ಅಳೀಬೇಕು. ಟೇಪು ತಗೊಂಬಾ."

ಹೊಲ ಇದ್ದವರ ಮಕ್ಕಳ ಜೊತೆ ಆಟ ಆಡಿದರೆ ಇದೇ ಗತಿ. ಗೋಡೌನಿನೊಳಗೆ ಬೆಳಕು ಸಾಲದು ಅಂತ ನಕ್ಷೆಯನ್ನು ಹೊರಗೆ ಅಂಗಳದಲ್ಲಿ ಹಾಸಿದೆವು. ನಾನೊಂದು ತುದಿ, ಕುರಿ ದೋಸ್ತ ಒಂದು ತುದಿ ಟೇಪು ಹಿಡಿದೆವು. ಮೇಷ್ಟ್ರ ಕೈಯಲ್ಲಿ ರಿಜಿಸ್ಟರು. ಸಾವ್ಕಾರ ಮೂಲೆಮೂಲೆಗೆ ಒಂದೊಂದು ಕಲ್ಲು ಇಡುತ್ತ, "ಬರಾಬರ್ ಹಿಡಿರಿ, ಬರಾಬರ್" ಅನ್ನುತ್ತಿದ್ದ.

ಟೇಪು, ಕಲ್ಲು, ರಿಜಿಸ್ಟರು, ನೆಲದ ಮೇಲೆ ನಕ್ಷೆ, ಥೇಟ್ ಸರ್ಕಾರಿ ಸರ್ವೆ. ನಮ್ಮ ಕಡೆ ಇದನ್ನು ನೋಡಿದ ರೈತ ಸುಮ್ಮನೆ ಮುಂದಕ್ಕೆ ಹೋಗುತ್ತಾನೇನು? ಬಸ್ಸಿಗೆ ಕಾದಿದ್ದ ಇಬ್ಬರು ಬಂದು ನಿಂತರು. ಒಬ್ಬ ಮನೆಗೆ ಓಡಿದ. ಅರ್ಧ ತಾಸಿನಲ್ಲಿ ಅಂಗಳದ ತುಂಬ ಜನ, ಎಲ್ಲರ ಕಂಕುಳಲ್ಲೂ ಪ್ಲಾಸ್ಟಿಕ್ ಚೀಲದಲ್ಲಿ ಹೊಲದ ಪಾಸ್‌ಬುಕ್ಕು. "ನಮ್ಮದ್ಯಾವಾಗ ಅಳೀತೀರಿ?" "ಮೊದ್ಲು ನಮ್ದು ನೋಡ್ರಿ ಸಾರ್." ಮೇಷ್ಟ್ರಿಗೆ ಒಬ್ಬ ಆಗಲೇ ಟೀ ಕೂಡ ತಂದುಕೊಟ್ಟಿದ್ದ.

ಒಬ್ಬ ಅಜ್ಜ ನಕ್ಷೆಯ ಸುತ್ತ ಎರಡು ಸಲ ಸುತ್ತಿದ. ಆಮೇಲೆ ಕೋಲನ್ನು ಮಂತ್ರವಾದಿಯ ಕೋಟೆಯ ಮೇಲೆ ಊರಿ ಕೇಳಿದ, "ಇದರಾಗ ನನ್ನ ಹೊಲ ಎಲ್ಲೈತಪಾ?"

"ಅಜ್ಜಾ, ನಿನ್ನ ಹೊಲ ಇದರಾಗಿಲ್ಲ. ಇದು ನಮ್ಮೂರಲ್ಲ, ಇಲ್ಲದ ಊರು."

"ಹಿಂದಕ್ಕ ಅಳಿಯಾಕ ಬಂದವರೂ ನನ್ನ ಹೊಲ ಇದರಾಗಿಲ್ಲ ಅಂದಿದ್ರು" ಅಂದ ಅಜ್ಜ, ಅಲ್ಲೇ ಕುಕ್ಕರುಗಾಲಲ್ಲಿ ಕೂತ. "ಹಾಕೋತನಕ ಏಳಂಗಿಲ್ಲ."

ನಾನು ತಿಳಿಸಿ ಹೇಳಿದೆ. ಮೇಷ್ಟ್ರು ತೆಲುಗಿನಲ್ಲಿ ಹೇಳಿದ. ಸಾವ್ಕಾರ ಜೋರು ಮಾಡಿ ಹೇಳಿದ. ಅಜ್ಜ ಏಳಲಿಲ್ಲ. ಕಡೆಗೆ ನಾನು ಪೆನ್ಸಿಲ್ ತಗೊಂಡು ಹೊಸ ಹೊಳೆಯ ದಂಡೆಗೆ ಎರಡು ಎಕರೆ ಬರೆದು, ಅಜ್ಜನ ಹೆಸರು ಹಾಕಿ, ಪಕ್ಕಕ್ಕೆ ಒಂದು ಬಾವಿಯನ್ನೂ ತೋಡಿದೆ. ಅದನ್ನು ನೋಡಿದ ಉಳಿದವರು ಸುಮ್ಮನಿರುತ್ತಾರಾ? ಸಂಜೆಯೊಳಗೆ ಕರಿಸೀಮೆಯಲ್ಲಿ ನಲವತ್ತು ಹೊಲ, ಎರಡು ದೊಡ್ಡಿ, ಒಂದು ಎಣ್ಣೆ ಗಾಣ ಎದ್ದವು. ಅತ್ತಿಗಿ ಕೇಳಿದ್ದು ಇದನ್ನೇ ಅಲ್ಲವಾ? ನಾನು ಒಂಬತ್ತು ವರ್ಷದಲ್ಲಿ ಬೆಳೆಸದ ಪೈರನ್ನು ನಮ್ಮೂರವರು ಒಂದು ಮಧ್ಯಾಹ್ನದಲ್ಲಿ ಬೆಳೆಸಿಕೊಟ್ಟರು. ಅವರ ಋಣ ದೊಡ್ಡದು.

ಈಗ ಆ ಅಜ್ಜ ಬಸ್‌ಸ್ಟಾಪಿನಲ್ಲಿ ಸಿಕ್ಕಾಗಲೆಲ್ಲ ನನ್ನನ್ನು ನಿಲ್ಲಿಸುತ್ತಾನೆ. "ಏನಪಾ, ಅಲ್ಲಿ ಮಳಿ ಆತೇನು?"

೩. ಕೆಂಪು ಪೆನ್ನು

ನನ್ನ ಹತ್ತೊಂಬತ್ತು ನೋಟ್‌ಬುಕ್ಕುಗಳನ್ನು ಓದಿ ತಪ್ಪು ಹುಡುಕಿಕೊಡು ಅಂತ ಮೇಷ್ಟ್ರಿಗೆ ಕೊಟ್ಟೆ. ತಪ್ಪು ಸಿಗುವುದಿಲ್ಲ ಅನ್ನುವ ಧೈರ್ಯದ ಮೇಲೆ ಕೊಟ್ಟಿದ್ದು.

ಮೂರನೇ ಭಾನುವಾರ ಮೇಷ್ಟ್ರು ಗೋಡೌನಿಗೆ ಬರಲಿಲ್ಲ, ನೇರ ನಮ್ಮ ಮನೆಗೇ ಬಂದ. ನೋಟ್‌ಬುಕ್ಕು ತೆರೆದರೆ ಪುಟದ ತುಂಬ ಕೆಂಪು. ಅಂಚಿನಲ್ಲಿ ಉದ್ದಕ್ಕೂ ತೆಲುಗಿನಲ್ಲಿ ಒಂದೇ ಮಾತು: ಎಂದುಕು? ಎಂದುಕು? ಯಾಕೆ, ಯಾಕೆ ಅಂತ. ರಾಜ ಸೇಡು ತೀರಿಸಿಕೊಂಡ, ಎಂದುಕು? ಮಳೆಗೆ ಇಬ್ಬರು ದೇವರು, ಎಂದುಕು? ಈ ಮಂತ್ರಿ ನಾಲ್ಕನೇ ನೋಟ್‌ಬುಕ್ಕಿನಲ್ಲಿ ಸತ್ತಿದ್ದಾನೆ, ಏಳನೆಯದರಲ್ಲಿ ಮದುವೆ ಆಗುತ್ತಿದ್ದಾನೆ, ಎಂದುಕು? ಕಡೆಯ ಪುಟದಲ್ಲಿ ಗೋಲ ಹಾಕಿ ಅಂಕ ಬರೆದಿದ್ದ: ನೂರಕ್ಕೆ ಮೂವತ್ತೊಂದು. ಅದರಲ್ಲೂ ಐದು ಅಕ್ಷರ ದುಂಡಗಿದ್ದಾವೆ ಅಂತ ಕೊಟ್ಟಿದ್ದು.

ನನಗೆ ಮೈಯೆಲ್ಲ ಉರಿಯಿತು. "ಲೇ, ನಾನು ಸೃಷ್ಟಿ ಮಾಡಿದವ. ಸೃಷ್ಟಿ ಮಾಡಿದವಗ ಯಾರಾದ್ರೂ ಮಾರ್ಕ್ಸ್ ಹಾಕ್ತಾರೇನಲೇ?"

"ಸೃಷ್ಟಿ ಮಾಡಿದವ ಓದಿಕೊಂಡು ಬರಬೇಕಿತ್ತು" ಅಂದ ಮೇಷ್ಟ್ರು.

ಗಲಾಟೆ ಕೇಳಿ ಅವ್ವ ಒಳಗಿನಿಂದ ಬಂದಳು. ಆಕೆಗೆ ಓದು ಬರಹ ಬಾರದು. ನೋಟ್‌ಬುಕ್ಕು ನೋಡಿದಳು, ಕೆಂಪು ಮಸಿ ನೋಡಿದಳು, ತಲೆ ತಗ್ಗಿಸಿ ನಿಂತ ನನ್ನನ್ನು ನೋಡಿದಳು, ಮೇಷ್ಟ್ರ ಮುಖ ನೋಡಿದಳು. ನನಗೆ ಇಪ್ಪತ್ತೆಂಟು ವರ್ಷ ಅನ್ನುವುದು ಆಕೆಗೆ ಪೂರಾ ಮರೆತುಹೋಯಿತು. ಸೆರಗು ಸರಿಮಾಡಿಕೊಂಡು ಕೈ ಮುಗಿದು ಅಂದಳು:

"ಸಾರ್, ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಬಡೀರಿ. ನಂದೇನೂ ಅಡ್ಡಿಯಿಲ್ಲ."

೪. ಟಗರಿನ ಸಿಟ್ಟು

ಮೇಷ್ಟ್ರು ಕೆಂಪು ಹಚ್ಚಿದ್ದನ್ನೆಲ್ಲ ಹೊಡೆದು ಹಾಕಿದೆ. ಸುಳ್ಳು ಯಾಕೆ ಹೇಳಲಿ, ಹೊಡೆದು ಹಾಕುತ್ತ ಹಾಕುತ್ತ ಕೈ ಬಿಸಿಯಾಗಿ ರುಚಿ ಹತ್ತಿತು. ಹನ್ನೊಂದು ಕೋಟೆ ಕೆಡವಿದೆ, ಒಂದೇ ಹೆಸರಿನ ಇಬ್ಬರು ರಾಜರನ್ನು ಇಲ್ಲವಾಗಿಸಿದೆ. ಅದೇ ಹುರುಪಿನಲ್ಲಿ, ಇನ್ನು ಮೇಲೆ ಕರಿಸೀಮೆಯಲ್ಲಿ ಮಾತಾಡುವ ಪ್ರಾಣಿ ಇರುವುದಿಲ್ಲ, ಗಂಭೀರವಾದ ಲೋಕ ಇದು ಅಂತ ಗ್ರೂಪಿನಲ್ಲಿ ಮೆಸೇಜು ಹಾಕಿಬಿಟ್ಟೆ.

ನಾಲ್ಕನೇ ಭಾನುವಾರ ಕುರಿ ದೋಸ್ತ ಆಟಕ್ಕೆ ಬರಲಿಲ್ಲ. ಒಂಬತ್ತು ವರ್ಷದಲ್ಲಿ ಜ್ವರ ಬಂದಾಗಲೂ ಕಂಬಳಿ ಹೊದ್ದು ಬಂದವನು. ಅವನಿಲ್ಲದ ಗೋಡೌನಿನಲ್ಲಿ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಅತ್ತಿಗಿ ಕೊಟ್ಟ ಗಡುವಿಗೆ ಒಂದೇ ವಾರ ಉಳಿದಿತ್ತು. ಗಡುವಿಗಿಂತ ಮೊದಲೇ ಆಟ ಸಾಯುವ ಹಾಗೆ ಕಂಡಿತು. ನಾನು ಬೈಕು ತಗೊಂಡು ಗೋನೆಗಂಡ್ಲದ ಕಡೆ ಹೊರಟೆ. ಅವನ ಹಿಂಡು ಅಲ್ಲಿ ಮೇಯುತ್ತಿತ್ತು.

ದೋಸ್ತ ಬೇವಿನ ಮರದ ಕೆಳಗೆ ಕೂತಿದ್ದ. ನನ್ನನ್ನು ನೋಡಿದವನೇ ಕೇಳಿದ, "ಹಿಂಡು ಸಣ್ಣದು ಮಾಡಬೇಕಂದ್ರ ಯಾವ ಕುರಿ ಮಾರಬೇಕು ಗೊತ್ತೈತೇನು?"

"ಮುದಿ ಕುರಿ?"

"ಅದಕ್ಕ ನಿನಗ ಯಾರೂ ಕುರಿ ಕೊಡಂಗಿಲ್ಲ. ಮೊದ್ಲು ಹಿಂಡು ನಡಿಯೂದು ನೋಡಬೇಕು. ಯಾವುದರ ಹಿಂದ ಉಳದಾವು ಹೋಗತಾವು, ಅದನ್ನ ಮಾರಬಾರದು. ಕುಂಟಲಿ, ಮುದಿಯಾಗಲಿ, ಅದು ಇರಬೇಕು. ಉಳದಾವು ಹೋಗತಾವ, ಮರಿ ಬರತಾವ, ಹಿಂಡು ಅದೇ ಹಿಂಡು. ನಿನ್ನ ರಾಜ್ಯದಾಗ ಎಲ್ಲಾರೂ ಯಾರ ಹಿಂದ ಹೋಗತಾರ, ನೋಡಿಯೇನು?"

ನಾನು ಯೋಚಿಸಿದೆ. ಕಾಡಿನಲ್ಲಿ ದಾರಿ ತಪ್ಪಿದಾಗ ದಾರಿ ಹುಡುಕಿದ್ದು ಟಗರು. ರಾಜ ಮತ್ತು ಮಂತ್ರವಾದಿ ಜಗಳಾಡಿ ಬೇರೆಯಾದಾಗ ನಡುವೆ ನಿಂತು ಕೂಡಿಸಿದ್ದು ಟಗರು. ನಾನು ಕಥೆ ಎಲ್ಲಿಗೆ ಒಯ್ಯಬೇಕು ತಿಳಿಯದೆ ಬಾಯಿ ಒಣಗಿ ಕೂತಾಗಲೆಲ್ಲ, "ಆತು, ನಾ ಮುಂದ ನಡೀತೀನಿ, ಬರ್ರಿ" ಅಂದಿದ್ದು ಇದೇ ದೋಸ್ತ. ಒಂಬತ್ತು ವರ್ಷ ಇಡೀ ಕರಿಸೀಮೆ ಒಂದು ಟಗರಿನ ಬೆನ್ನು ನೋಡಿಕೊಂಡು ನಡೆದಿದೆ.

"ಟಗರು ಇರತೈತಲೇ" ಅಂದೆ. "ನಾನಿರೋತನಕ ಇರತೈತಿ. ಭಾನುವಾರ ಬಾ."

"ನಾನು ಬರ್ತೀನಿ. ಆದ್ರ ಸಿಟ್ಟಾಗಿದ್ದು ನಾನಲ್ಲ, ಅದು" ಅಂತ ಹಿಂಡಿನ ನಡುವೆ ನಿಂತ ಕೊಂಬಿನ ಟಗರನ್ನು ತೋರಿಸಿದ. "ಅದಕ್ಕ ಹೋಗಿ ಹೇಳು."

ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ಹೋಗಿ ಅದರ ಮುಂದೆ ನಿಂತೆ. "ತಪ್ಪಾತಪಾ" ಅಂದೆ. ಅದು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಯಿತು. ಕ್ಷಮಿಸಿತು ಅಂತ ನಾನು ದೋಸ್ತನ ಕಡೆ ತಿರುಗಿ ನಕ್ಕೆ. ಹಿಂದಕ್ಕೆ ಸರಿದದ್ದು ಯಾಕೆ ಅಂತ ತಿಳಿದಾಗ ನಾನು ಜಾಲಿ ಗಿಡದಲ್ಲಿದ್ದೆ.

"ಆತು ಬಿಡು" ಅಂದ ದೋಸ್ತ, ಮುಳ್ಳು ತೆಗೆಯುತ್ತ. "ರಾಜಿ ಆತು."

೫. ಹನ್ನೊಂದನೇ ದಿನದ ಊಟ

ಉಳದಾವು ಹೋಗತಾವ, ಮರಿ ಬರತಾವ, ಹಿಂಡು ಅದೇ ಹಿಂಡು. ಮುಳ್ಳು ಕೀಳಿಸಿಕೊಳ್ಳುತ್ತ ಕೂತಾಗಲೇ ನನಗೆ ಉಪಾಯ ಹೊಳೆದದ್ದು. ಕರಿಸೀಮೆಯನ್ನು ನೂರು ವರ್ಷ ಮುಂದಕ್ಕೆ ತಳ್ಳಿಬಿಡುವುದು! ಹಳೇ ಶಾಪ, ಹಳೇ ಸೇಡು ಎಲ್ಲ ಅಜ್ಜಿ ಕಥೆಯಾದವು. ರಾಜನೂ ಮಂತ್ರವಾದಿಯೂ ತೀರಿಕೊಂಡರು, ವರ ಪಡೆದ ಟಗರು ಮಾತ್ರ ಉಳಿಯಿತು. ಎಲ್ಲರೂ ಹೊಸ ವೀರರು, ಅತ್ತಿಗಿಯೂ ಎಲ್ಲರ ಸಮಕ್ಕೆ. ಹತ್ತೊಂಬತ್ತು ನೋಟ್‌ಬುಕ್ಕಿನ ಹಿನ್ನೆಲೆ ಅರ್ಧ ಪುಟಕ್ಕೆ ಇಳಿಯಿತು. ಇಂಥ ತಲೆ ಎಲ್ಲರಿಗೂ ಇರುವುದಿಲ್ಲ.

ಎಲ್ಲರೂ ಒಪ್ಪಿದರು. ಸಾವ್ಕಾರ ಮಾತ್ರ ಮುಖ ಊದಿಸಿದ. "ಒಂಬತ್ತು ವರ್ಷ ಬದುಕಿದ ರಾಜ. ಸತ್ತ ಅಂತ ಒಂದ್ ಮಾತು ಹೇಳಿಬಿಟ್ರ ಮುಗೀತೇನು? ನಾವು ಮನಿತನಸ್ಥರು. ಹನ್ನೊಂದನೇ ದಿನ ಮಾಡಬೇಕು, ಊರಿಗೆ ಊಟ ಹಾಕಬೇಕು."

ಸತ್ತವರಿಗೆ ಇಷ್ಟವಾದದ್ದನ್ನು ಅಡಿಗೆ ಮಾಡುವುದು ಪದ್ಧತಿ. ಅತ್ತಿಗಿ ಕೇಳಿದರು, "ರಾಜಗ ಏನು ಸೇರತಿತ್ತು?" ನಾವು ಹತ್ತೊಂಬತ್ತು ನೋಟ್‌ಬುಕ್ಕು ತಿರುವಿ ಹಾಕಿದೆವು. ಕತ್ತಿ ಇತ್ತು, ಕುದುರೆ ಇತ್ತು, ವಿಷ ಕೂಡ ಇತ್ತು. ಒಂಬತ್ತು ವರ್ಷದಲ್ಲಿ ನಮ್ಮ ವೀರರು ಒಂದು ತುತ್ತು ಅನ್ನ ಉಂಡಿರಲಿಲ್ಲ.

"ಪಾಪ, ಅದಕ್ಕ ಸತ್ತಾರ" ಅಂದು ಅತ್ತಿಗಿ ಅಡಿಗೆಮನೆಗೆ ಹೋದರು.

ಐದನೇ ಭಾನುವಾರ ಬಂತು. ಕರಿಸೀಮೆಯಲ್ಲಿ ಹೊಲ ಇದ್ದವರೆಲ್ಲ ಊಟಕ್ಕೆ ಬಂದಿದ್ದರು. ಒಂದು ಫೋಟೋ ಇಟ್ಟು ದೀಪ ಹಚ್ಚಬೇಕಲ್ಲ. ಮಂತ್ರವಾದಿ ಕಣ್ಣಿಗೆ ಕಾಣದವ, ಆದ್ದರಿಂದ ಖಾಲಿ ಚೌಕಟ್ಟಿಗೇ ಹಾರ ಹಾಕಿದೆವು. ರಾಜನ ಚಿತ್ರ ಬರೆಯಲು ಯಾರಿಗೂ ಬರಲಿಲ್ಲ. ಸಾವ್ಕಾರನ ಮದುವೆ ಫೋಟೋದಲ್ಲಿ ಪೇಟ ಇದೆ, ಥೇಟ್ ರಾಜನೇ ಅಂತ ಅದನ್ನೇ ಇಟ್ಟು, ವಿಭೂತಿ ಹಚ್ಚಿ, ಸೇವಂತಿಗೆ ಹಾರ ಹಾಕಿದೆವು. ಹತ್ತಿ ಗೋಡೌನಿನೊಳಗೆ ಬೆಂಕಿ ತರುವ ಹಾಗಿಲ್ಲ, ಅದು ಹುಟ್ಟಿದಾಗಿನಿಂದ ಕಲಿತ ಪಾಠ. ಹಾಗಾಗಿ ದೀಪ, ಊದಿನಕಡ್ಡಿ, ಹಾರ ಹಾಕಿದ ಫೋಟೋ, ಎಲ್ಲವನ್ನೂ ಹೊರಗೆ ಗೇಟಿನ ಹತ್ತಿರ, ಬಸ್ ರಸ್ತೆಯ ಮಗ್ಗುಲಿಗೆ ಇಟ್ಟೆವು. ಸಾವ್ಕಾರ ಮೊಸರು ತರಲು ಎಮ್ಮಿಗನೂರಿಗೆ ಹೋದ. ಅತ್ತಿಗಿ ಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದರು.

ಆದೋನಿಗೆ ಹೊರಟ ಬಸ್ಸು ಬಂದು ನಿಂತಿತು. ಅದರಿಂದ ಒಬ್ಬ ಹಿರಿಯರು ಬಿದ್ದಂಬೀಳ ಇಳಿದು ಫೋಟೋದ ಮುಂದೆ ನಿಂತರು. ಗೇಟಿನಲ್ಲಿದ್ದ ಮೇಷ್ಟ್ರನ್ನು ಕೇಳಿದರು, "ಯಾವಾಗಾತು?"

ಬೆಳಿಗ್ಗೆಯಿಂದ ಬಂದವರೆಲ್ಲ ರಾಜನ ಕಥೆ ಕೇಳುತ್ತಿದ್ದರು. ಇವರೂ ಹಾಗೇ ಅಂತ ಮೇಷ್ಟ್ರು ಅಂದುಕೊಂಡ. "ಇವತ್ತು ಹನ್ನೊಂದನೇ ದಿನ ರೀ."

"ಹೆಂಗಾತಪಾ?"

"ಸರ್ಪದಿಂದ."

"ಅಯ್ಯೋ! ಕಡೀತಾ?"

"ಕಡೀಲಿಲ್ಲ ರೀ. ನುಂಗಿತು."

ಹಿರಿಯರು ನೆಲದ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಮೇಷ್ಟ್ರು ಒಳಗೆ ಬಂದು ನನಗೆ ಹೇಳಿದ, "ಯಾರೋ ಹಿರೇರು ಬಂದಾರಲೇ, ನಿನ್ನ ರಾಜ ಸತ್ತಿದ್ದಕ್ಕ ಅಳಾಕ ಹತ್ಯಾರ." ನನ್ನ ಎದೆ ಉಬ್ಬಿತು. ನನ್ನ ಕಥೆಗೆ ಅಳುವವರೂ ಹುಟ್ಟಿದರಲ್ಲ! ನಾನೇ ನೀರು ಒಯ್ದು ಕೊಟ್ಟು, ಬೆನ್ನು ಸವರಿ, "ಅಳ್ರಿ, ತಡೀಬ್ಯಾಡ್ರಿ. ಎಲ್ಲಾ ನಾನೇ ಮಾಡಿದ್ದು" ಅಂದೆ. ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಅವರು ಅತ್ತಿಗಿಯ ಸೋದರಮಾವ ಅಂತ ನನಗೇನು ಗೊತ್ತು? "ಆಕಿ ಮುಖ ನಾನೊಬ್ನ ಹೆಂಗ ನೋಡ್ಲಿ" ಅಂತ ಅವರು ಆ ಕಡೆ ಹೋಗಿ ನಾಗಲದಿನ್ನೆಗೆ ಫೋನು ಮಾಡಿದ್ದು ನನಗೇನು ಗೊತ್ತು?

ಒಂದು ತಾಸಿಗೆ ಜೀಪು ಬಂತು. ಹನ್ನೆರಡು ಜನ ಇಳಿದರು, ಎಲ್ಲರಿಗಿಂತ ಮುಂದೆ ಸಾವ್ಕಾರನ ಅತ್ತೆ. ಈ ಅತ್ತೆ ಮದುವೆ ಆದಾಗಿನಿಂದ ಅಳಿಯನ ಬಗ್ಗೆ ಒಂದು ಒಳ್ಳೆ ಮಾತಾಡಿದವರಲ್ಲ. "ಹತ್ತಿ ಮಾರಾವ ಹತ್ತಿಯಂಗನ ಅದಾನ, ಊದಿದ್ರ ಹಾರ್ತಾನ" ಅನ್ನುತ್ತಿದ್ದರಂತೆ. ಅವರೇ ಈಗ ಫೋಟೋದ ಮುಂದೆ ಬಿದ್ದು ಎದೆ ಬಡಿದುಕೊಂಡು ಅಳಲು ಶುರುಮಾಡಿದರು.

"ಅಯ್ಯೋ ನನ್ನಪ್ಪಾ, ಬಂಗಾರದಂಥ ಅಳಿಯಾ! ಒಂದು ದಿನ ನನ್ನ ಮಗಳಿಗೆ ಎದರು ಮಾತಾಡಿದವ ಅಲ್ಲ! ಇಂಥಾ ನಡತಿ, ಇಂಥಾ ನಗೆಮಾರಿ!"

ನನಗೆ ಆಗ, ಆಗಷ್ಟೇ, ತಿಳಿಯಿತು. ಬಾಯಿ ತೆರೆಯುವಷ್ಟರಲ್ಲಿ ಯಾರೋ ಹಿಂದಿನಿಂದ ನನ್ನ ಭುಜ ಹಿಡಿದರು. ಸಾವ್ಕಾರ. ಕೈಯಲ್ಲಿ ಮೊಸರಿನ ಕ್ಯಾನು.

"ಲೇ, ನಿಮ್ಮ ಅತ್ತಿ ಮುಂದ ಹೇಳಲೇ, ನೀನು ಬದುಕಿದೀ ಅಂತ!" ಅಂದೆ.

"ತಡಿಯಲೇ" ಅಂದ ಅವನು ಪಿಸುಮಾತಿನಲ್ಲಿ, ಕಣ್ಣು ಅರೆಮುಚ್ಚಿ. "ಇನ್ನ ಸ್ವಲ್ಪ ಹೇಳಲಿ."

ಅತ್ತೆ ಹೇಳಿದರು. ಅಳಿಯನ ಬುದ್ಧಿ, ಅಳಿಯನ ರೂಪ, ಅಳಿಯ ಬಡವರಿಗೆ ತೋರುವ ದಯೆ. ಸಾವ್ಕಾರ ಒಂದೊಂದು ಮಾತಿಗೂ ತಲೆದೂಗಿದ. "ಹುಡುಕಿದ್ರೂ ಇಂಥಾ ಅಳಿಯ ನಮ್ಮ ಸೀಮಿಯಾಗ ಇನ್ನೊಬ್ಬ ಸಿಗಂಗಿಲ್ಲ!" ಅಂದಾಗ ಮಾತ್ರ ಅವನಿಗೆ ತಡೆಯಲಾಗಲಿಲ್ಲ.

"ಖರೇನಾ ಅತ್ತಿ?"

ಅತ್ತೆ ತಿರುಗಿದರು. ಸೋದರಮಾವ ಗ್ಲಾಸು ಕೆಳಗೆ ಬೀಳಿಸಿದರು. ಹನ್ನೆರಡು ಜನ ಒಮ್ಮೆ ಫೋಟೋ ನೋಡುತ್ತಾರೆ, ಒಮ್ಮೆ ಅವನನ್ನು ನೋಡುತ್ತಾರೆ. ಅಷ್ಟು ಹೊತ್ತಿಗೆ ಸರಿಯಾಗಿ ಅತ್ತಿಗಿ ಹೋಳಿಗೆ ತಾಟು ಹಿಡಿದು ರಸ್ತೆ ದಾಟಿ ಬಂದರು. "ಯವ್ವಾ! ಯಾವಾಗ ಬಂದಿ? ಊಟಾತಾ?"

ಬೈಗುಳದ ಮಾತು ಬರೆಯುವುದಿಲ್ಲ; ಅದರಲ್ಲಿ ಹೆಚ್ಚಿನ ಪಾಲು ನನಗೇ ಸಂದಿತು, ಎಲ್ಲಾ ನಾನೇ ಮಾಡಿದ್ದು ಅಂತ ಹೇಳಿಕೊಂಡಿದ್ದೆನಲ್ಲ. ಇವತ್ತಿಗೆ ಆಟದ ಕಥೆ ಮುಗಿಯಿತು ಅಂತ ನಾನು ಗೋಡೆಗೆ ಒರಗಿ ನಿಂತೆ. ಆಗ ಅತ್ತಿಗಿ ತಾಟು ಕೆಳಗಿಟ್ಟು ತಮ್ಮ ಅವ್ವನ ಪಕ್ಕ ಕೂತರು.

"ಕೇಳವ್ವಾ. ಕರಿಸೀಮಿ ಅಂತ ಒಂದು ರಾಜ್ಯ. ಗುಡ್ಡದಿಂದ ಒಂದು ಹೊಳಿ ಇಳಿತೈತಿ. ದಂಡಿಗೆ ನಲವತ್ತು ಹೊಲ ಅದಾವ. ನೂರು ವರ್ಷದ ಹಿಂದ ಒಬ್ಬ ರಾಜ ಇದ್ದ, ಸತ್ತ, ಇದು ಅವನ ಊಟ. ಅವನ ಕಾಲದ ಟಗರು ಒಂದು ಇನ್ನೂ ಐತಿ, ಮಾತಾಡತೈತಿ, ದಾರಿ ತೋರಿಸತೈತಿ. ಈಗ ಸಿಂಹಾಸನ ಖಾಲಿ ಐತಿ. ಮುಂದಿಂದು ನಾವು ಆಡಬೇಕು."

ಅಷ್ಟೇ. ಒಂದು ಹೋಳಿಗೆ ತಿನ್ನುವಷ್ಟು ಹೊತ್ತು. ಹನ್ನೆರಡು ಜನ ತಲೆಯಾಡಿಸಿದರು. "ಟಗರಿಗೆ ಎಷ್ಟು ವಯಸ್ಸು?" ಅಂತ ಒಬ್ಬರು ಕೇಳಿದರು. "ಸಿಂಹಾಸನಕ್ಕ ಯಾರ್ಯಾರು ನಿಂತಾರ?" ಅಂತ ಇನ್ನೊಬ್ಬರು. ಒಂಬತ್ತು ವರ್ಷ ಕಟ್ಟಿ, ಎರಡು ತಾಸು ಹೇಳಿದರೂ ನಾನು ತಿಳಿಸಲಾಗದ ಲೋಕ, ಅದನ್ನು ಕೇಳಿ ಒಂದು ತಿಂಗಳಾದ ಅತ್ತಿಗಿಯ ಬಾಯಲ್ಲಿ ಹೊಳೆಯ ಹಾಗೆ ಹರಿದು ಕೆಳಗಿಳಿಯಿತು. ಅವರು ನನ್ನ ಕಡೆ ತಿರುಗಿ, "ಪಾಸಾದಿ ಮೈದುನಾ. ಮುಂದಿನ ಭಾನುವಾರ ನನಗೊಂದು ದಾಳ ತಗೊಂಬಾ" ಅಂದರು. ಕರಿಸೀಮೆಯನ್ನು ನಾನೇ ತಿದ್ದಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ. ಇಲ್ಲಿ ಮಾತ್ರ ಬರೆದಿಡುತ್ತೇನೆ: ಅದನ್ನು ತಿದ್ದಿದ್ದು ಇವರೆಲ್ಲ. ನಾನು ಪೆನ್ಸಿಲ್ ಹಿಡಿದಿದ್ದೆ.

ಎಲ್ಲರೂ ಊಟಕ್ಕೆ ಕೂತರು. ಸಾವ್ಕಾರ ತಾನೇ ಅತ್ತೆಯ ಎಲೆಗೆ ಮೊಸರು ಬಡಿಸುತ್ತ ಮೆಲ್ಲಗೆ ಅಂದ, "ಅತ್ತಿ, ಆಗ ಅಂದ್ರಲ್ಲ, ಬಂಗಾರದಂಥ ಅಳಿಯ ಅಂತ..."

ಅತ್ತೆ ಹೋಳಿಗೆ ಮುರಿಯುತ್ತ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

"ನೂರು ವರ್ಷ ಬಾಳಪಾ ನೀನು. ನನ್ನತ್ರ ಇದ್ದ ಒಳ್ಳೇ ಮಾತೆಲ್ಲಾ ಇವತ್ತ ಮುಗದಾವ. ಹೊಸಾವು ಹುಡುಕಾಕ ನನಗ ಅಷ್ಟು ಕಾಲ ಬೇಕಾಗತೈತಿ."